ಒಕ್ಕಲು ಉಳಿದರೆ ಪದ ಉಳಿದೀತು

ಐರ್ಲೆಂಡಿನ ಯೂರೋ ನಾಣ್ಯದ ಒಂದು ಬದಿಗೆ ಹಾರ್ಪ್ ಎಂಬ ತಂತಿವಾದ್ಯದ ಚಿತ್ರವಿದೆ. ಆ ವಾದ್ಯವನ್ನು ಹಳೆಯ ಕ್ರಮದಲ್ಲಿ ನುಡಿಸಬಲ್ಲವರು ಇನ್ನೂ ಎಷ್ಟು ಮಂದಿ ಇದ್ದಾರೆಂದು 1792ರಲ್ಲಿ ಬೆಲ್‌ಫಾಸ್ಟ್ ನಗರಕ್ಕೆ ಕರೆಸಿ ನೋಡಿದಾಗ ಬಂದ ಐರಿಷ್ ವಾದಕರು ಹತ್ತೇ ಜನ, ಜೊತೆಗೆ ವೇಲ್ಸಿನವನೊಬ್ಬ. ಇತ್ತ ಜಗಳೂರು ತಾಲ್ಲೂಕಿನ ಬಿಳಿಚೋಡು ಹೋಬಳಿಯಿಂದ ಚಳ್ಳಕೆರೆ, ಹಿರಿಯೂರು, ಶಿರಾ ಕಡೆಗೆ ಹಬ್ಬಿರುವ ಬಯಲುಸೀಮೆಯ ಗೊಲ್ಲರಹಟ್ಟಿಗಳಲ್ಲಿ ಗಣೆ ಎಂಬ ಉದ್ದನೆಯ ಬಿದಿರ ಕೊಳಲುಂಟು. ಅದು ಯಾವ ನಾಣ್ಯದ ಮೇಲೂ ಅಚ್ಚಾಗಿಲ್ಲ. ಆದರೂ ಅದನ್ನು ಊದಿ ಜುಂಜಪ್ಪನ ಪದ ಹೇಳುವವರು ಇಪ್ಪತ್ತನೆಯ ಶತಮಾನದ ಕೊನೆಯಲ್ಲೂ ಸಂಶೋಧಕರಿಗೆ ಸಿಕ್ಕಿದರು. ಮನ್ನಣೆ ಇದ್ದ ಕಡೆ ಕಲೆಯ ಎಳೆ ಕಡಿಯಿತು, ಮನ್ನಣೆ ಇಲ್ಲದ ಕಡೆ ಉಳಿಯಿತು. ಹಾಗಾದರೆ ಹಾಡುಗಾರನನ್ನು ಬದುಕಿಸುವುದು ಯಾವುದು? ವಾದ್ಯವೇ, ಅರಸನೇ, ಪುಸ್ತಕವೇ? ಎರಡೂ ನಾಡುಗಳ ಚರಿತ್ರೆಯನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಿಗುವ ಉತ್ತರ ಒಕ್ಕಲು. ‘ಇದು ನಮ್ಮ ಪದ, ಇವನು ನಮ್ಮ ಪದ ಹೇಳುವವನು’ ಎಂದು ಹಕ್ಕಿನಿಂದ ಕೇಳುವ, ಋಣವೆಂದು ಕೊಡುವ ಕೇಳುಗರ ಸಮುದಾಯ.

ಕೆಲ್ಟಿಕ್ ಜನರ ಬಾರ್ಡ್‌ಗಳ ಸುದ್ದಿ ಮೊದಲು ಬರುವುದು ಪ್ರಾಚೀನ ಗ್ರೀಕ್ ಬರಹಗಾರರಲ್ಲಿ: ವಾದ್ಯ ಹಿಡಿದು ಹಾಡುತ್ತ ಕೆಲವರನ್ನು ಹೊಗಳುವ, ಕೆಲವರನ್ನು ಹಳಿಯುವ ಕವಿಗಳು ಎಂದು. ಮುಂದೆ ಐರ್ಲೆಂಡಿನಲ್ಲಿ ಈ ಕಸುಬು ಮೂವರ ನಡುವೆ ಹಂಚಿಹೋಯಿತು. ಪದ್ಯ ಕಟ್ಟುವವನು ಕವಿ, ಅದನ್ನು ಸಭೆಯಲ್ಲಿ ಹೇಳುವವನು ಇನ್ನೊಬ್ಬ, ಹಾರ್ಪ್ ನುಡಿಸಿ ಜೊತೆಗೊಡುವವನು ಮತ್ತೊಬ್ಬ. ಕವಿಯಾಗಲು ಹಲವು ವರ್ಷಗಳ ಗುರುಕುಲ, ಕತ್ತಲ ಕೋಣೆಯಲ್ಲಿ ಮಲಗಿ ಮನಸ್ಸಿನಲ್ಲೇ ಪದ್ಯ ಕಟ್ಟುವ ಅಭ್ಯಾಸ. ಸಂಭಾವನೆ ಭೂಮಿ, ದನ. ಕೊಡುತ್ತಿದ್ದವರು ಗೇಲಿಕ್ ಒಡೆಯರು. 1601ರ ಕಿನ್‌ಸೇಲ್ ಯುದ್ಧದಲ್ಲಿ ಆ ಒಡೆಯರು ಸೋತು, 1607ರಲ್ಲಿ ಅವರ ಪೈಕಿ ಮುಖ್ಯರಾದವರು ದೇಶ ಬಿಟ್ಟು ಹೋದ ಮೇಲೆ ಕವಿಗಳ ಶಾಲೆಗಳು ಕ್ರಮೇಣ ಮುಚ್ಚಿದವು. ಹಾರ್ಪ್ ವಾದಕ ಕುದುರೆಯೇರಿ ಮನೆಯಿಂದ ಮನೆಗೆ ತಿರುಗುವವನಾದ. 1738ರಲ್ಲಿ ತೀರಿಕೊಂಡ ಅಂಧ ವಾದಕ ಟರ್ಲೋ ಒಕ್ಯಾರಲನ್ ಆ ಅಲೆಮಾರಿಗಳಲ್ಲಿ ಎಲ್ಲರಿಗಿಂತ ಹೆಸರಾದವನು. 1792ರ ಮೇಳಕ್ಕೆ ಬಂದವರಲ್ಲಿ ಉಗುರು ಬೆಳೆಸಿ ಲೋಹದ ತಂತಿಯನ್ನು ಮೀಟುವ ಹಳೆಯ ಪದ್ಧತಿ ಉಳಿಸಿಕೊಂಡಿದ್ದವನು ತೊಂಬತ್ತು ದಾಟಿದ ಡೆನಿಸ್ ಹೆಂಪ್ಸನ್ ಒಬ್ಬನೇ. ಅರಮನೆಯನ್ನೇ ನಂಬಿದ ಕಲೆ ಅರಮನೆ ಬಿದ್ದ ಎರಡು ಶತಮಾನದೊಳಗೆ ಬೆರಳೆಣಿಕೆಯ ವಾದಕರ ಕೈಗೆ ಬಂದು ನಿಂತಿತ್ತು.

ಕನ್ನಡ ನಾಡಿನಲ್ಲಿ ಬಾರ್ಡ್‌ನ ಕೆಲಸ ಬೇರೆ ಬೇರೆ ಸಮುದಾಯಗಳಿಗೆ ಹಂಚಿಕೆಯಾಗಿದೆ. ಅರಸನ ಬಿರುದು ಹೊಗಳುತ್ತಿದ್ದವರು ವಂದಿಮಾಗಧರು. ಅವರ ಕಾಲ ಮುಗಿದು ‘ಹೊಗಳುಭಟ್ಟ’ ಎಂಬ ಬೈಗುಳ ಮಾತ್ರ ಮಾತಿನಲ್ಲಿ ಉಳಿದಿದೆ. ವಂಶದ ನೆನಪು ಹೆಳವರ ಪಾಲು. ಸುಗ್ಗಿ ಮುಗಿದ ಮೇಲೆ ಗಂಟೆ ಕಟ್ಟಿದ ಎತ್ತಿನ ಸಮೇತ ಬರುವ ಹೆಳವ ಮನೆಯ ಮುಂದೆ ಕುಳಿತು ಮೂಲಪುರುಷನಿಂದ ಹಿಡಿದು ಹೆಸರು ಹೆಸರಾಗಿ ಹೇಳುತ್ತ ಬರುತ್ತಾನೆ. ಯಾರು ಯಾವ ಊರಿನಿಂದ ಬಂದರು, ಯಾರ ಮನೆಯ ಹೆಣ್ಣು ತಂದರು, ಅಣ್ಣತಮ್ಮಂದಿರು ಎಲ್ಲಿ ಬೇರೆಯಾದರು, ಎಲ್ಲವೂ ಅದರಲ್ಲಿದೆ. ಹಿಂದಿನ ಸಲ ಬಂದುಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರನ್ನು ಕೇಳಿ ಬರೆದುಕೊಳ್ಳುತ್ತಾನೆ. ಮನೆಯವರು ಕಾಳು, ಬಟ್ಟೆ, ಅನುಕೂಲವಿದ್ದರೆ ದನವನ್ನೂ ಕೊಡುತ್ತಾರೆ. ತಂತಿಯ ಪಾಲು ಕಿನ್ನರಿ ಜೋಗಿಗಳದು. ಬಿದಿರ ದಂಡಿಗೆ ಸೋರೆ ಬುರುಡೆಗಳನ್ನು ಕಟ್ಟಿದ ಈ ವಾದ್ಯ ಹದಿಮೂರನೆಯ ಶತಮಾನದ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ದಲ್ಲಿದೆ, ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬನ ಹೆಸರೇ ಕಿನ್ನರಿ ಬೊಮ್ಮಯ್ಯ. ಹಾರ್ಪ್‌ನಂತೆ ಇದಕ್ಕೂ ಹಳಮೆಯ ಗೌರವ ಸಲ್ಲಬೇಕು, ಆದರೆ ಜೋಗಿ ಬೀದಿಯ ಹಾಡುಗಾರನಾಗಿಯೇ ಉಳಿದ.

ಗೊಲ್ಲರಹಟ್ಟಿಯ ಗಣೆ ಈ ಎಲ್ಲಕ್ಕಿಂತ ಹೆಚ್ಚು ಪಾಠ ಹೇಳುತ್ತದೆ. ಜುಂಜಪ್ಪ ಕಾಡುಗೊಲ್ಲರ ದನಗಾಹಿ ವೀರ. ಬಡಮೈಲ ಅವನ ಹೋರಿ. ಅವನ ಸಾವಿಗೆ ಕಾರಣರಾದವರು ಸೋದರಮಾವಂದಿರೇ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನಗುಡ್ಡೆ ಅವನ ನೆಲೆ. ಅವನ ಹೆಸರು ಹೇಳಿದರೆ ಹಾವಿನ ವಿಷ ಇಳಿಯುತ್ತದೆಂಬುದು ಹಟ್ಟಿಯ ನಂಬಿಕೆ. ಒಂದಿಷ್ಟು ಪದ ಹೇಳಿ, ಗಣೆ ಊದಿ, ಮತ್ತೆ ಪದಕ್ಕೆ ಬರುವ ಈ ಕ್ರಮದಲ್ಲಿ ಊದುವ ಹೊತ್ತೇ ಹಾಡುಗಾರ ಮುಂದಿನದನ್ನು ನೆನೆದುಕೊಳ್ಳುವ ಹೊತ್ತು. ಕೇಳಲು ಕೂತವರಿಗೂ ಕತೆ ಗೊತ್ತು. ತಪ್ಪಿದರೆ ತಿದ್ದುವವರು ಎದುರಿಗೇ ಇರುತ್ತಾರೆ. ಮ್ಯಾಸಬೇಡರ ಗಾದ್ರಿಪಾಲನಾಯಕ, ಜಗಳೂರು ಪಾಪನಾಯಕರ ಕತೆಗಳೂ ಹೀಗೆ ಆಯಾ ಹಟ್ಟಿಯವು. ಈ ಸೀಮೆಯನ್ನು ಆಳಿದ ಚಿತ್ರದುರ್ಗದ ಪಾಳೆಯಗಾರರು 1779ರಲ್ಲಿ ಹೈದರಾಲಿಗೆ ಸೋತರು. ಐರ್ಲೆಂಡಿನ ಲೆಕ್ಕದಲ್ಲಿ ಇಲ್ಲಿನ ಪದಗಳೂ ಅಲ್ಲಿಗೆ ಕ್ಷೀಣಿಸಬೇಕಿತ್ತು. ಹಾಗಾಗಲಿಲ್ಲ, ಏಕೆಂದರೆ ಅವು ದುರ್ಗದ ಅನ್ನ ತಿಂದಿರಲಿಲ್ಲ. ದನವಿದ್ದಷ್ಟು ದಿನ, ಹಟ್ಟಿಯಿದ್ದಷ್ಟು ದಿನ, ದೇವರ ಹಬ್ಬಕ್ಕೆ ಪದ ಬೇಕೇ ಬೇಕಾಗಿತ್ತು.

ವಿದ್ವಾಂಸರ ಗಮನ ಇತ್ತ ಹೊರಳಿದ್ದು ನಿಧಾನವಾಗಿ. ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ಕನ್ನಡ ಲಾವಣಿಗಳನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದಾಗ ಅವನಿಗೆ ಬೇಕಿದ್ದುದು ಹಾಡಿನೊಳಗಿನ ಇತಿಹಾಸ. ಜನಪದ ಹಾಡು ಸಂಗ್ರಹಿಸಿದ ಹಲಸಂಗಿ ಗೆಳೆಯರ ತಲೆಮಾರಿಗೆ ಬೇಕಿದ್ದುದು ಕಾವ್ಯ. ಪಿ.ಕೆ. ರಾಜಶೇಖರ ಅವರು 1973ರಲ್ಲಿ ‘ಮಲೆಯ ಮಾದೇಶ್ವರ’ವನ್ನು ತಂದಾಗ ಜನಪದರಲ್ಲಿ ಬಿಡಿ ಹಾಡುಗಳಷ್ಟೇ ಅಲ್ಲ, ಮಹಾಕಾವ್ಯಗಳೇ ಇವೆ ಎಂಬುದು ಖಚಿತವಾಯಿತು. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮಂಟೇಸ್ವಾಮಿ, ಜುಂಜಪ್ಪ, ಕುಮಾರರಾಮ ಮೊದಲಾದ ಕಾವ್ಯಗಳನ್ನು ಸಾಲಾಗಿ ಅಚ್ಚು ಹಾಕಿತು. ತುಳುನಾಡಿನಲ್ಲಿ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೋಂಕೊ ತಮ್ಮ ಸಂಗಡಿಗರೊಂದಿಗೆ 1998ರಲ್ಲಿ ಪ್ರಕಟಿಸಿದರು. ಅದು ಹದಿನೈದು ಸಾವಿರ ಸಾಲು ದಾಟಿತ್ತು. ಹಾಡುಗಾರ ಕಂಠಪಾಠ ಒಪ್ಪಿಸುವವನಲ್ಲ, ಮನಸ್ಸಿನಲ್ಲಿರುವ ಕತೆಯನ್ನು ಸಂದರ್ಭಕ್ಕೆ ತಕ್ಕಂತೆ ಕಟ್ಟುವವನು ಎಂಬುದನ್ನು ಆ ಅಧ್ಯಯನ ತೋರಿಸಿತು. ಈ ಅವಧಿಯಲ್ಲಿ ಹಾಡುಗಾರರಿಗೂ ಹೆಸರು ಬಂತು. ಚಳ್ಳಕೆರೆ ಸೀಮೆಯ ಕಾಡುಗೊಲ್ಲರ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ದಾಖಲಿಸಿದರು. ಸಂಡೂರು ಕಡೆಯ ಬುರ್ರಕಥೆಯ ದರೋಜಿ ಈರಮ್ಮ ನಾಡೋಜರಾದರು; 2014ರಲ್ಲಿ ತೀರಿಕೊಂಡರು. ಮಾಹಿತಿ ಕೊಡುವವರೆಂದು ಕಂಡಿದ್ದವರು ಕವಿಗಳೆಂದು ಎಣಿಕೆಗೆ ಬಂದುದು ಈ ಕ್ಷೇತ್ರದ ದೊಡ್ಡ ಗಳಿಕೆ.

ಇಷ್ಟೆಲ್ಲ ಅಚ್ಚಾಗಿ, ಧ್ವನಿಮುದ್ರಣವಾಗಿರುವಾಗ ಉಳಿವಿನ ಚಿಂತೆ ಏಕೆ ಎಂದು ಕೇಳಬಹುದು. ಇದಕ್ಕೆ ಬೆಲ್‌ಫಾಸ್ಟ್‌ನಲ್ಲೇ ಉತ್ತರವಿದೆ. ಮೇಳದ ರಾಗಗಳನ್ನು ಬರೆದುಕೊಳ್ಳಲು ನೇಮಿಸಿದ್ದು ಹತ್ತೊಂಬತ್ತರ ತರುಣ ಎಡ್ವರ್ಡ್ ಬಂಟಿಂಗ್‌ನನ್ನು. ಅವನಿಲ್ಲದಿದ್ದರೆ ಎಷ್ಟೋ ರಾಗಗಳು ಇಂದು ಇರುತ್ತಿರಲಿಲ್ಲ. ಆ ಋಣ ದೊಡ್ಡದು. ಆದರೆ ಅವನು 1796ರಿಂದ ಪ್ರಕಟಿಸಿದ್ದು ಪಿಯಾನೊಗೆ ಹೊಂದಿಸಿದ ರಾಗಗಳನ್ನು. 1809ರ ಸಂಪುಟದಲ್ಲಿ ರಾಗಗಳ ಕೆಳಗೆ ಬಂದದ್ದು ಇಂಗ್ಲಿಷ್ ಪದ್ಯ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಡಬ್ಲಿನ್ನಿನ ಜಾನ್ ಈಗನ್ ತಯಾರಿಸಿದ ಹೊಸ ಹಾರ್ಪ್‌ಗೆ ಲೋಹದ ತಂತಿಯ ಬದಲು ಕರುಳಿನ ತಂತಿ. ಇಂದು ಹೆಚ್ಚಾಗಿ ನುಡಿಯುತ್ತಿರುವುದು ಆ ಕುಲದ್ದು. 1971ರಲ್ಲಿ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಅಲನ್ ಸ್ಟಿವೆಲ್ ತಂದ ಆಲ್ಬಂ ಕೆಲ್ಟಿಕ್ ಹಾರ್ಪ್ ಅನ್ನು ಜಗತ್ತಿನ ವೇದಿಕೆಗೆ ಏರಿಸಿತು. 2019ರಲ್ಲಿ ಐರಿಷ್ ಹಾರ್ಪ್ ವಾದನ ಯುನೆಸ್ಕೊ ಪಟ್ಟಿ ಸೇರಿತು. ಇಂದಿನ ವಾದಕರು ಮದುವೆಗಳಲ್ಲಿ ನುಡಿಸುತ್ತಾರೆ, ಪಾಠ ಹೇಳುತ್ತಾರೆ, ಕಛೇರಿ ಕೊಡುತ್ತಾರೆ. ಅದು ಮರ್ಯಾದೆಯ ಬದುಕು, ಒಳ್ಳೆಯ ಸಂಗೀತ. ಆದರೆ ಅವರ ಹಾಡಿನಲ್ಲಿ ತನ್ನ ಅಜ್ಜನ ಹೆಸರು ಬರುತ್ತದೆಂದು ಕಾದು ಕೂತ ಕೇಳುಗನಿಲ್ಲ. ವಾದ್ಯ ಮರಳಿ ಬಂದಿದೆ, ಕಸುಬು ಮರಳಲಿಲ್ಲ. ನಮ್ಮಲ್ಲಿ ರಾತ್ರಿಯಿಡೀ ನಡೆಯುವ ಪದವನ್ನು ಉತ್ಸವದ ವೇದಿಕೆಯಲ್ಲಿ ಹತ್ತು ನಿಮಿಷಕ್ಕೆ ಇಳಿಸುವಾಗ ಆಗುವುದೂ ಇದೇ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಒಕ್ಕಲಿನ ಋಣವೆಂದು ನಾವು ಹೊಗಳುವುದರಲ್ಲಿ ಜಾತಿಯಿದೆ, ಭಿಕ್ಷೆಯಿದೆ, ಅಲೆಮಾರಿತನವಿದೆ. ಜೋಗಿಯ ಮಗ ಜೋಳಿಗೆ ಬಿಟ್ಟು ಕಾಲೇಜಿಗೆ ಹೋದರೆ ಸಂಸ್ಕೃತಿ ಹೋಯಿತೆಂದು ಮರುಗುವ ಹಕ್ಕು ಯಾರಿಗಿದೆ? ಖಂಡಿತ ಯಾರಿಗೂ ಇಲ್ಲ. ಆದರೆ ಬಿಡಬೇಕಾದದ್ದು ಹಂಗು. ಹಾಡನ್ನೂ ಅದರ ಜೊತೆಗೆ ಎಸೆಯಬೇಕಿಲ್ಲ. ಚೌಡಿಕೆ ಹಿಡಿದು ಎಲ್ಲಮ್ಮನ ಪದ ಹಾಡುತ್ತ ಬಂದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವಮಾನ ಕಳಚಿದ ಮೇಲೂ ಹಾಡು ನಿಲ್ಲಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಹಾಗೆಯೇ ಹಟ್ಟಿಯ ಹುಡುಗರು ಪದ ಬಿಡುತ್ತಿರುವುದಕ್ಕೆ ಓದು ಒಂದೇ ಕಾರಣವಲ್ಲ. ಗಣೆಯ ಕತೆ ಹುಲ್ಲುಗಾವಲಿನ ಕತೆ. ಚಳ್ಳಕೆರೆ ತಾಲ್ಲೂಕಿನಲ್ಲಿ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣಾ, ಅಣು, ಬಾಹ್ಯಾಕಾಶ ಸಂಸ್ಥೆಗಳ ಪಾಲಾಗಿದೆ. ದನ ಕರಗಿದ ಹಟ್ಟಿಯಲ್ಲಿ ಬಡಮೈಲನ ವರ್ಣನೆ ಯಾರ ಕಣ್ಣಿಗೆ ಕಟ್ಟೀತು? ಪಾಳೆಯಗಾರರ ಪತನ ಮಾಡಲಾಗದ್ದನ್ನು ಕಾವಲಿನ ಬೇಲಿ ಮಾಡುತ್ತಿದೆ.

ಸರ್ಕಾರ ವಯಸ್ಸಾದ ಕಲಾವಿದರಿಗೆ ಮಾಸಾಶನ ಕೊಡುತ್ತದೆ, ಅದು ಬೇಕು. ಆದರೆ ಅದು ಮುಪ್ಪಿನ ಬಡತನಕ್ಕೆ ಕೊಡುವ ಹಣ, ಕಲಿಸುವುದಕ್ಕೆ ಕೊಡುವ ಸಂಬಳವಲ್ಲ. ಬಿಳಿಚೋಡು ಸೀಮೆಯ ಒಂದೊಂದು ಶಾಲೆಗೂ ಹತ್ತಿರದ ಹಟ್ಟಿಯ ಪದ ಬಲ್ಲವರನ್ನು ಗುರುವೆಂದು ಕರೆಸಿ ವೇತನ ಕೊಡುವುದು, ಅಚ್ಚಾದ ಕಾವ್ಯವನ್ನು ಅದು ಹುಟ್ಟಿದ ಹಟ್ಟಿಗೆ ಮರಳಿಸುವುದು, ಉಳಿದಿರುವ ಕಾವಲನ್ನು ಕಾವಲಾಗಿಯೇ ಬಿಡುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. ಈ ಸೀಮೆಯವರಿಗೂ ಒಂದು ಮಾತು: ಮುಂದಿನ ಸುಗ್ಗಿಯಲ್ಲಿ ಹೆಳವ ಬಾಗಿಲಿಗೆ ಬಂದರೆ ಚಿಲ್ಲರೆ ಕೊಟ್ಟು ಕಳಿಸಬೇಡಿ. ಕೂರಿಸಿ, ನಿಮ್ಮ ಮನೆಯ ಹೆಸರುಗಳನ್ನು ಪೂರ್ತಿ ಹೇಳಿಸಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ.