ಮಟ್ಟಾಂಚೇರಿಯ ಯಹೂದಿ ಬೀದಿಯಲ್ಲಿ ಒಂದು ನಡಿಗೆ

ಪವಿತ್ರ ಕುರ್‌ಆನಿನ ಅಲ್‌ಹಜ್ಜ್ ಅಧ್ಯಾಯದ 40ನೆಯ ಸೂಕ್ತವು ನಾಲ್ಕು ಬಗೆಯ ಆರಾಧನಾಲಯಗಳನ್ನು ಒಂದೇ ಉಸಿರಿನಲ್ಲಿ ಸ್ಮರಿಸುತ್ತದೆ: ವಿರಕ್ತರ ಮಠ, ಇಗರ್ಜಿ, ಯಹೂದಿಗಳ ಪ್ರಾರ್ಥನಾಲಯ ಮತ್ತು ಮಸೀದಿ. ಅಲ್ಲಾಹನು ಜನರ ಒಂದು ಗುಂಪನ್ನು ಇನ್ನೊಂದು ಗುಂಪಿನ ಮೂಲಕ ತಡೆಯದಿದ್ದರೆ ಇವೆಲ್ಲವೂ ನೆಲಸಮವಾಗುತ್ತಿದ್ದವು ಎಂಬುದು ಅದರ ತಾತ್ಪರ್ಯ. ಈ ಸೂಕ್ತವನ್ನು ನಾವು ಮಸೀದಿಗಳ ರಕ್ಷಣೆಗಾಗಿ ಆಗಾಗ ಉದ್ಧರಿಸುತ್ತೇವೆ. ಉಳಿದ ಮೂರು ಹೆಸರುಗಳ ಮುಂದೆ ನಿಲ್ಲುವುದು ಮಾತ್ರ ಅಪರೂಪ.

ಕೊಳ್ಳೇಗಾಲದಿಂದ ದಿಂಬಂ ಘಟ್ಟವಿಳಿದು, ಸತ್ಯಮಂಗಲ, ಕೊಯಮತ್ತೂರು, ಪಾಲಕ್ಕಾಡು ಮಾರ್ಗವಾಗಿ ಕೊಚ್ಚಿಯನ್ನು ತಲುಪಬಹುದು. 1956ರವರೆಗೆ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಗೇ ಸೇರಿದ್ದರಿಂದ ಈ ದಾರಿ ನಮ್ಮ ಹಿರಿಯರಿಗೆ ಹೊಸದಲ್ಲ. ಅದೇ ದಾರಿಯಲ್ಲಿ ಕೆಲವು ವಿದ್ಯಾರ್ಥಿಗಳೊಂದಿಗೆ ಮಟ್ಟಾಂಚೇರಿಯ ಯಹೂದಿ ಬೀದಿಗೆ ಹೋಗಿದ್ದೆ. ಮಾರ್ಗದರ್ಶಕರೊಬ್ಬರು ನಮ್ಮನ್ನು ಬೀದಿಯ ಉದ್ದಕ್ಕೂ ನಡೆಸಿದರು. ಪ್ರಾರ್ಥನಾಲಯದ ಬಾಗಿಲಲ್ಲಿ ಪಾದರಕ್ಷೆ ಕಳಚುವಾಗ ಒಬ್ಬ ಹುಡುಗ ಮೆಲ್ಲನೆ ಕೇಳಿದ: “ಹಜ್ರತ್, ನಾವು ಇದರೊಳಗೆ ಹೋಗಬಹುದೇ?” ಅವನ ಪ್ರಶ್ನೆ ಫಿಕ್‌ಹ್‌ನದಾಗಿರಲಿಲ್ಲ. ಪ್ಯಾಲೆಸ್ತೀನಿನಿಂದ ದಿನವೂ ಬರುವ ದುಃಖದ ಸುದ್ದಿಗಳು ಅವನ ಮನಸ್ಸಿನಲ್ಲಿದ್ದವು. ಈ ಲೇಖನವು ಅವನಿಗೆ ನಾನು ಕೊಡಬೇಕಾಗಿದ್ದ ಉತ್ತರ.

ಪರದೇಶಿ ಸಿನಗಾಗ್ ಎಂದು ಕರೆಯಲ್ಪಡುವ ಈ ಪ್ರಾರ್ಥನಾಲಯ 1568ರಲ್ಲಿ ನಿರ್ಮಾಣವಾಯಿತು. ಅದರ ಪಕ್ಕದಲ್ಲೇ ಕೊಚ್ಚಿಯ ಅರಸರ ಅರಮನೆ. ಅರಮನೆಯ ಆವರಣದಲ್ಲಿ ಪಳಯನ್ನೂರು ಭಗವತಿಯ ದೇವಾಲಯ. ಸಮೀಪದ ಕೊಚ್ಚಂಗಾಡಿಯಲ್ಲಿ ತಾಮ್ರದ ಮಾಡಿನಿಂದ ಹೆಸರಾದ ಪುರಾತನ ಚೆಂಬಿಟ್ಟಪಳ್ಳಿ ಮಸೀದಿಯಿದೆ. ಅದೇ ಕೊಚ್ಚಂಗಾಡಿಯಲ್ಲಿ ಹದಿನಾಲ್ಕನೆಯ ಶತಮಾನದಲ್ಲಿ ಒಂದು ಯಹೂದಿ ಪ್ರಾರ್ಥನಾಲಯವೂ ಇತ್ತು. ಅದರ ಶಿಲಾಲೇಖ ಇಂದು ಪರದೇಶಿ ಸಿನಗಾಗಿನ ಅಂಗಳದ ಗೋಡೆಯಲ್ಲಿದೆ. ಒಳಗಿನ ನೆಲಕ್ಕೆ ಚೀನಾದಿಂದ ತರಿಸಿದ, ಕೈಯಿಂದ ಚಿತ್ರಿಸಿದ ನೀಲಿ-ಬಿಳಿ ಹೆಂಚುಗಳನ್ನು ಹಾಸಲಾಗಿದೆ. ಹೊರಗಿನ ಗಡಿಯಾರದ ಗೋಪುರವನ್ನು ಹದಿನೆಂಟನೆಯ ಶತಮಾನದಲ್ಲಿ ಎಝಕಿಯೆಲ್ ರಾಹಬಿ ಎಂಬ ವ್ಯಾಪಾರಿ ಕಟ್ಟಿಸಿದನು.

ಇವರು ಕೊಚ್ಚಿಗೆ ಬಂದದ್ದೇಕೆ? ಕ್ರಿ.ಶ. 1000ದ ಸುಮಾರಿಗೆ ಚೇರ ಅರಸ ಭಾಸ್ಕರ ರವಿವರ್ಮನು ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ ತಾಮ್ರಶಾಸನದ ಮೂಲಕ ಗೌರವಾಧಿಕಾರಗಳನ್ನು ದಯಪಾಲಿಸಿದ್ದನು. ಅವರ ಪ್ರಮುಖ ನೆಲೆ ಕೊಡುಂಗಲ್ಲೂರು. ಚೇರಮಾನ್ ಮಸೀದಿಯ ಕಾರಣದಿಂದ ನಾವು ಅಭಿಮಾನದಿಂದ ಹೇಳಿಕೊಳ್ಳುವ ಊರೂ ಅದೇ. ಶತಮಾನಗಳ ಕಾಲ ಎರಡೂ ಸಮುದಾಯಗಳು ಅಲ್ಲಿ ಮೆಣಸಿನ ವ್ಯಾಪಾರ ಮಾಡುತ್ತಾ ಬಾಳಿದವು. ಆದರೆ 1524ರಲ್ಲಿ ಆ ಬಾಳ್ವೆ ಒಡೆಯಿತು. ಮಲಬಾರಿನ ಮುಸ್ಲಿಮರು ಕೊಡುಂಗಲ್ಲೂರಿನ ಯಹೂದಿಗಳ ಮೇಲೆ ಏರಿಹೋದರು. ಜೀವಗಳು ಹೋದವು, ಮನೆಗಳೂ ಪ್ರಾರ್ಥನಾಲಯಗಳೂ ನಾಶವಾದವು.

ಇದನ್ನು ದಾಖಲಿಸಿದವರು ನಮ್ಮವರೇ ಆದ ಪೊನ್ನಾನಿಯ ಶೈಖ್ ಝೈನುದ್ದೀನ್ ಮಖ್ದೂಮ್. ಅವರ ‘ತುಹ್‌ಫತುಲ್ ಮುಜಾಹಿದೀನ್’ ಗ್ರಂಥವು ಪೋರ್ಚುಗೀಸರು ಮಲಬಾರಿನ ಮುಸ್ಲಿಮರ ಮೇಲೆ ಎಸಗಿದ ದೌರ್ಜನ್ಯಗಳ ಕಥನ. ಅದನ್ನು ಅವರು ಅರ್ಪಿಸಿದ್ದು ನಮ್ಮ ಬಿಜಾಪುರದ ಸುಲ್ತಾನ ಅಲಿ ಆದಿಲ್‌ಶಾಹನಿಗೆ. ತನ್ನ ಜನರ ಗಾಯಗಳನ್ನು ಎಣಿಸುತ್ತಿದ್ದ ಲೇಖನಿಯೇ ತನ್ನ ಜನರ ಕೈಯಿಂದ ಇತರರಿಗಾದ ಗಾಯವನ್ನೂ ಬರೆದಿಟ್ಟಿತು. ಕಾರಣವೆಂದು ಯಾರು ಏನನ್ನೇ ಹೇಳಿಕೊಂಡಿರಲಿ, ಒಂದು ಇಡೀ ಸಮುದಾಯದ ಮನೆಗಳನ್ನೂ ಆರಾಧನಾಲಯಗಳನ್ನೂ ಸುಡಲು ನಮ್ಮ ಧರ್ಮದಲ್ಲಿ ಅನುಮತಿಯಿಲ್ಲ.

ಹೀಗೆ ನಿರಾಶ್ರಿತರಾದವರಿಗೆ ಕೊಚ್ಚಿಯ ಅರಸ ಅರಮನೆಯ ಮಗ್ಗುಲಲ್ಲೇ ಜಾಗ ಕೊಟ್ಟನು. 1662ರಲ್ಲಿ ಪೋರ್ಚುಗೀಸರು ಇಲ್ಲಿಯೂ ಬೆಂಕಿಯಿಟ್ಟರು. ಮರುವರ್ಷ ಡಚ್ಚರು ಕೊಚ್ಚಿಯನ್ನು ಗೆದ್ದ ನಂತರ ಪ್ರಾರ್ಥನಾಲಯ ಮತ್ತೆ ಎದ್ದುನಿಂತಿತು. ನೆಲೆ ಕಳೆದುಕೊಂಡವರಿಗೆ ನೆಲೆ ಕೊಡುವುದರ ಬೆಲೆ ನಮ್ಮ ಸೀಮೆಗೆ ತಿಳಿಯದ್ದಲ್ಲ. ಹನೂರು ಭಾಗದ ಒಡೆಯರಪಾಳ್ಯದಲ್ಲಿ ಟಿಬೆಟಿನ ನಿರಾಶ್ರಿತರು ದಶಕಗಳಿಂದ ಜೋಳ ಬೆಳೆದು ಬದುಕುತ್ತಿರುವುದನ್ನು ನಾವೇ ಕಂಡಿದ್ದೇವೆ.

ಆಶ್ರಯ ಪಡೆದವರೂ ತಮ್ಮೊಳಗೆ ಭೇದ ಕಲ್ಪಿಸಿಕೊಂಡರೆಂಬುದು ಈ ಬೀದಿಯ ಇನ್ನೊಂದು ಪಾಠ. ಹೊರನಾಡಿನಿಂದ ಬಂದ ‘ಪರದೇಶಿ’ಗಳು ಮಲಬಾರಿನ ಯಹೂದಿಗಳನ್ನು ಸಮಾನರೆಂದು ಕಾಣಲಿಲ್ಲ. ಬಿಡುಗಡೆ ಹೊಂದಿದ ದಾಸರ ವಂಶದವರಿಗೆ ಪ್ರಾರ್ಥನಾಲಯದೊಳಗೆ ಆಸನವೂ ಇರಲಿಲ್ಲ. ಅದೇ ವಂಶದ ವಕೀಲ ಎ.ಬಿ. ಸಲೇಂ ಇಪ್ಪತ್ತನೆಯ ಶತಮಾನದಲ್ಲಿ ಗಾಂಧೀಜಿಯವರ ಮಾರ್ಗ ಹಿಡಿದು ಪ್ರಾರ್ಥನಾಲಯದಲ್ಲೇ ಸತ್ಯಾಗ್ರಹ ಹೂಡಿದರು. ನಿರ್ಬಂಧಗಳು ಕ್ರಮೇಣ ಸಡಿಲವಾದವು. ಒಂದೇ ಸಫ್‌ನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತು, ಮದುವೆಯ ಮಾತು ಬಂದಾಗ ಬಿರಾದರಿ ಕೇಳುವ ನಮಗೆ ಅವರನ್ನು ಹಳಿಯುವ ಹಕ್ಕು ಎಷ್ಟಿದೆ?

ಕನ್ನಡ ಕರಾವಳಿಗೂ ಈ ಚರಿತ್ರೆಯಲ್ಲಿ ಪಾಲಿದೆ. ಹನ್ನೆರಡನೆಯ ಶತಮಾನದಲ್ಲಿ ಟ್ಯುನೀಶಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿ ಲೋಹದ ಪಾತ್ರೆಗಳ ಕಾರ್ಖಾನೆ ನಡೆಸಿದನು. 1132ರಲ್ಲಿ ಆಶು ಎಂಬ ದಾಸಿಯನ್ನು ಆತ ಬಿಡುಗಡೆಗೊಳಿಸಿದ ಪತ್ರವೂ, ಬೊಮ್ಮ ಎಂಬ ಸೇವಕನ ಉಲ್ಲೇಖವಿರುವ ಓಲೆಗಳೂ ಕೈರೋದ ಹಳೆಯ ಪ್ರಾರ್ಥನಾಲಯವೊಂದರ ಕಾಗದದ ರಾಶಿಯಲ್ಲಿ ಸಿಕ್ಕಿವೆ. ಆ ಓಲೆಗಳಲ್ಲಿ ಬಹುಪಾಲು ಹೀಬ್ರೂ ಲಿಪಿಯಲ್ಲಿ ಬರೆದ ಅರಬಿ ಭಾಷೆಯವು. ಅವನ ವ್ಯವಹಾರದಲ್ಲಿ ಮುಸ್ಲಿಮರೂ ಹಿಂದೂಗಳೂ ಪಾಲುದಾರರಾಗಿದ್ದರು.

ಇಸ್ರೇಲ್ ಸ್ಥಾಪನೆಯಾದ ಬಳಿಕ ಕೊಚ್ಚಿಯ ಯಹೂದಿಗಳಲ್ಲಿ ಹೆಚ್ಚಿನವರು ಅಲ್ಲಿಗೆ ಹೋದರು. ಮನೆಗಳು ಸಂಬಾರದ, ಹಳೆಯ ವಸ್ತುಗಳ ಅಂಗಡಿಗಳಾದವು. ಕೊನೆಯವರೆಗೂ ಉಳಿದವರಲ್ಲಿ ಸಾರಾ ಕೋಹೆನ್ ಒಬ್ಬರು. ಕಸೂತಿಯ ಅಂಗಡಿ ನಡೆಸುತ್ತಿದ್ದ ಅವರು 2019ರಲ್ಲಿ, 96ರ ವಯಸ್ಸಿನಲ್ಲಿ ನಿಧನರಾದರು. ಮುಪ್ಪಿನಲ್ಲಿ ಅವರನ್ನೂ ಅವರ ಅಂಗಡಿಯನ್ನೂ ನೋಡಿಕೊಂಡವರು ಒಬ್ಬ ಮುಸ್ಲಿಂ. ಬಾಲ್ಯದಲ್ಲಿ ಆ ಬೀದಿಯಲ್ಲಿ ಚಿತ್ರಕಾರ್ಡು ಮಾರುತ್ತಿದ್ದ ಆ ಹುಡುಗನನ್ನು ಕೋಹೆನ್ ದಂಪತಿ ಮಗನಂತೆ ಕಂಡಿದ್ದರು. ಅವರ ಮರಣಾನಂತರವೂ ಆತ ಆ ನೆನಪನ್ನು ಕಾಯುತ್ತಿದ್ದಾನೆ. 1524ರ ಬೆಂಕಿಯನ್ನು ಇದು ಅಳಿಸಿಹಾಕುವುದಿಲ್ಲ. ಆದರೆ ಒಬ್ಬ ಮುಸ್ಲಿಮನು ನೆರೆಯವರ ಹಕ್ಕನ್ನು ಹೇಗೆ ಸಲ್ಲಿಸಬೇಕೆಂಬುದನ್ನು ಅದು ತೋರಿಸುತ್ತದೆ.

ಮದೀನಾದಲ್ಲಿ ಒಮ್ಮೆ ಕವಚವೊಂದು ಕಳುವಾಯಿತು. ಕದ್ದವನು ಮುಸ್ಲಿಮರ ಸಾಲಿನಲ್ಲಿದ್ದವನು. ಅವನ ಬಂಧುಗಳು ಅಪವಾದವನ್ನು ಒಬ್ಬ ಯಹೂದಿಯ ಮೇಲೆ ಹೊರಿಸಿದರು. ಆಗ ಆ ಯಹೂದಿಯನ್ನು ನಿರ್ದೋಷಿಯೆಂದು ಸಾರುತ್ತಾ ಅನ್ನಿಸಾ ಅಧ್ಯಾಯದ 105ರಿಂದ ಮುಂದಿನ ಸೂಕ್ತಗಳು ಅವತೀರ್ಣವಾದವೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಅದೇ ಅಧ್ಯಾಯದ 135ನೆಯ ಸೂಕ್ತವು ಸ್ವತಃ ನಮಗೆ, ನಮ್ಮ ಹೆತ್ತವರಿಗೆ ವಿರುದ್ಧವಾದರೂ ಸತ್ಯದ ಸಾಕ್ಷಿ ನುಡಿಯಲು ಆಜ್ಞಾಪಿಸುತ್ತದೆ. ಪ್ಯಾಲೆಸ್ತೀನಿನ ಮರ್ದಿತರ ಪರವಾಗಿ ದನಿಯೆತ್ತುವುದು ನಮ್ಮ ಕರ್ತವ್ಯ. ಅದನ್ನು ಎಸಗುತ್ತಿರುವವರ ಪಾಪವನ್ನು ಕೊಚ್ಚಿಯಲ್ಲಿ ಕಸೂತಿ ಹಾಕಿ ಬದುಕಿದ ಮುದುಕಿಯ ತಲೆಗೆ ಕಟ್ಟುವುದು ನಮ್ಮ ಕರ್ತವ್ಯವಲ್ಲ. ಯಾವುದೋ ಕಾಲದ, ಯಾವುದೋ ದೇಶದ ಮುಸ್ಲಿಮನ ತಪ್ಪಿಗೆ ಇಲ್ಲಿಯ ನಮ್ಮನ್ನು ಹೊಣೆಯಾಗಿಸುವಾಗ ಅದು ಅನ್ಯಾಯವೆಂದು ಹೇಳುವವರು ನಾವೇ ಅಲ್ಲವೇ? ನಮಗಾಗಿ ಬಯಸುವ ನ್ಯಾಯವನ್ನು ಇತರರಿಗೂ ಅಳೆದು ಕೊಡಬೇಕು.

ಅಂದು ನಾನು ಆ ಹುಡುಗನಿಗೆ “ಬಾ ಮಗನೇ” ಎಂದಷ್ಟೇ ಹೇಳಿ ಮುಂದೆ ನಡೆದಿದ್ದೆ. ಅವನು ಹಿಂದೆಯೇ ಬಂದು, ನೀಲಿ ಹೆಂಚುಗಳ ಮೇಲೆ ಮೌನವಾಗಿ ನಿಂತ. ಸತ್ಯವನ್ನು, ಅದು ನಮಗೆ ಕಹಿಯಾಗಿದ್ದರೂ, ಮುಚ್ಚಿಡದೆ ನುಡಿಯುವ ಧೈರ್ಯವನ್ನು ಅಲ್ಲಾಹನು ನಮ್ಮ ಮಕ್ಕಳಿಗೂ ನಮಗೂ ಕರುಣಿಸಲಿ. ಆಮೀನ್.