ಕಡಲಾಚೆಯ ಯೋಧ ಸ್ಮಾರಕಗಳು: ಹೊರಡುವ ಮುನ್ನ ತಿಳಿಯಬೇಕಾದುದು

ರಬಕವಿ: ಎರಡು ಮಹಾಯುದ್ಧಗಳಲ್ಲಿ ಕಡಲು ದಾಟಿ ಹೋಗಿ ಮರಳಿ ಬಾರದ ಭಾರತೀಯ ಯೋಧರ ಸ್ಮಾರಕಗಳು ಇಂದಿಗೂ ಇರಾಕ್, ಇಸ್ರೇಲ್, ಇಟಲಿ, ಫ್ರಾನ್ಸ್, ಸಿಂಗಪುರ ಮೊದಲಾದ ದೇಶಗಳಲ್ಲಿ ಉಳಿದಿವೆ. ಪ್ರವಾಸಕ್ಕೆಂದೋ, ಅಲ್ಲಿ ನೆಲೆಸಿರುವ ಮಕ್ಕಳನ್ನು ನೋಡಲೆಂದೋ ತೆರಳುವವರು ಒಂದು ದಿನವನ್ನು ಮೀಸಲಿಟ್ಟರೆ ಇವುಗಳ ದರ್ಶನ ಸಾಧ್ಯ. ಮನೆತನದ ಹಿರಿಯರೊಬ್ಬರು ಯುದ್ಧಕ್ಕೆ ಹೋಗಿದ್ದರೆಂಬ ಮಾತು ಮಾತ್ರ ಉಳಿದಿರುವ ಕುಟುಂಬಗಳಿಗೆ ಈ ಮಾಹಿತಿ ವಿಶೇಷವಾಗಿ ಉಪಯುಕ್ತ.

ಯಾರ ನಿರ್ವಹಣೆ?

ಈ ಸ್ಥಳಗಳನ್ನು ನೋಡಿಕೊಳ್ಳುವುದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ. 1917ರಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆ ಸುಮಾರು 17 ಲಕ್ಷ ಮಂದಿಯ ನೆನಪನ್ನು ಕಾಪಾಡುತ್ತಿದೆ. ಮೊದಲ ಮಹಾಯುದ್ಧಕ್ಕೆ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ, ಎರಡನೆಯದಕ್ಕೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಮಡಿದವರು ಇದರ ವ್ಯಾಪ್ತಿಗೆ ಬರುತ್ತಾರೆ. ಸ್ಮಾರಕಗಳಿಗೆ ಪ್ರವೇಶ ಶುಲ್ಕವಿಲ್ಲ.

ಬೆಳಗಾವಿಯ ನಂಟು

ಈ ಭಾಗಕ್ಕೆ ಹತ್ತಿರದ ಸೇನಾ ಕೇಂದ್ರ ಬೆಳಗಾವಿಯ ಮರಾಠಾ ಲಘು ಪದಾತಿ ದಳದ್ದು. ಇದರ ಪೂರ್ವಜ ಪಡೆಗಳಾದ 103, 110 ಹಾಗೂ 117ನೇ ಮರಾಠಾ ದಳಗಳು ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕ್‌ನಲ್ಲಿ ಹೋರಾಡಿದವು. ಕೂಟ್ ಪಟ್ಟಣದ ಮುತ್ತಿಗೆಯಲ್ಲಿ ಸಿಲುಕಿ ಹಸಿವಿನಿಂದ ಬಳಲಿದ ಸೈನ್ಯ 1916ರ ಏಪ್ರಿಲ್ 29ರಂದು ಶರಣಾಯಿತು. ಸೆರೆಯಾದವರಲ್ಲಿ ಅನೇಕರು ಮನೆಗೆ ಮರಳಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಇದೇ ದಳದ ತುಕಡಿಗಳು ಇಟಲಿಯಲ್ಲಿ ಸೆಣಸಿದವು. 1944ರ ಜುಲೈ 10ರಂದು ಟೈಬರ್ ಕಣಿವೆಯಲ್ಲಿ ವೀರಮರಣವನ್ನಪ್ಪಿದ ನಾಯಕ್ ಯಶವಂತ ಘಾಡಗೆ ಅವರಿಗೆ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಲಭಿಸಿತು. ಅವರಿಗೆ ಗುರುತಿಸಲಾದ ಸಮಾಧಿಯಿಲ್ಲ. ಹೆಸರು ಕ್ಯಾಸಿನೋ ಸ್ಮಾರಕದಲ್ಲಿದೆ. 2023ರ ಜುಲೈಯಲ್ಲಿ ಮೊಂಟೋನೆ ಪಟ್ಟಣದಲ್ಲಿ ಅವರ ನೆನಪಿಗೆ ಸೂರ್ಯಗಡಿಯಾರದ ಸ್ಮಾರಕವೊಂದು ಅನಾವರಣಗೊಂಡಿತು.

ಹಳೆಯ ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಜೋಧಪುರ ದಳದೊಡನೆ ಹೈಫಾ ನಗರವನ್ನು ಗೆದ್ದುಕೊಂಡಿತು. ಹೈಫಾದಲ್ಲಿ ಭಾರತೀಯ ಯೋಧರ ಸ್ಮಶಾನವಿದ್ದು, ಪ್ರಧಾನಿ ನರೇಂದ್ರ ಮೋದಿ 2017ರ ಜುಲೈಯಲ್ಲಿ ಅಲ್ಲಿ ಗೌರವ ಸಲ್ಲಿಸಿದ್ದರು.

ಕಲ್ಲಿನ ಮೇಲಿಲ್ಲದ ಹೆಸರುಗಳು

ಫ್ರಾನ್ಸಿನ ನವ್ ಶಾಪೆಲ್ ಸ್ಮಾರಕ 1927ರ ಅಕ್ಟೋಬರ್ 7ರಂದು ಉದ್ಘಾಟನೆಗೊಂಡಿತು. ಅಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. 1929ರಲ್ಲಿ ಸಿದ್ಧವಾದ ಬಸ್ರಾ ಸ್ಮಾರಕದ ಸ್ಥಿತಿ ಬೇರೆ. ಅದು 40 ಸಾವಿರಕ್ಕೂ ಹೆಚ್ಚು ಮಂದಿಗೆ ಮೀಸಲಾಗಿದ್ದರೂ, ಕಲ್ಲಿನಲ್ಲಿ ಕೆತ್ತಿದ್ದು ಬ್ರಿಟಿಷರ ಹಾಗೂ ಭಾರತೀಯ ಅಧಿಕಾರಿಗಳ ಹೆಸರುಗಳನ್ನು ಮಾತ್ರ. ಸಾಮಾನ್ಯ ಭಾರತೀಯ ಸಿಪಾಯಿಗಳು ಆಯಾ ದಳದ ಕೆಳಗೆ ಬರಿಯ ಸಂಖ್ಯೆಯಾಗಿ ಉಳಿದರು. ಆಯೋಗವು 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇಂತಹ ತಾರತಮ್ಯ ನಡೆದಿತ್ತೆಂದು ಒಪ್ಪಿಕೊಂಡು ಕ್ಷಮೆ ಕೋರಿತು. ಈ ಸ್ಮಾರಕವನ್ನು 1997ರಲ್ಲಿ ಮೂಲ ಸ್ಥಳದಿಂದ ನಾಸಿರಿಯಾ ರಸ್ತೆಯ ಮರುಭೂಮಿಗೆ ಸ್ಥಳಾಂತರಿಸಲಾಗಿದೆ.

ಆದ್ದರಿಂದ ಕಲ್ಲಿನಲ್ಲಿ ಹೆಸರು ಕಾಣದಿದ್ದರೆ ಆ ವ್ಯಕ್ತಿ ಯುದ್ಧಕ್ಕೆ ಹೋಗಿರಲಿಲ್ಲವೆಂದು ತೀರ್ಮಾನಿಸಬಾರದು. ಕಾಗದದ ದಾಖಲೆಯಲ್ಲಿ ಹೆಸರು ಇರುವ ಸಾಧ್ಯತೆಯಿದೆ.

ಹೆಸರು ಹುಡುಕುವ ಬಗೆ

ಆಯೋಗದ ಅಂತರಜಾಲ ತಾಣದಲ್ಲಿ ಹೆಸರು, ದಳ ಹಾಗೂ ದೇಶದ ಆಧಾರದ ಮೇಲೆ ಉಚಿತವಾಗಿ ಹುಡುಕಬಹುದು. ದಾಖಲೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುವುದರಿಂದ ಕಾಗುಣಿತ ವ್ಯತ್ಯಾಸ ಸಹಜ. 'ರಾಮಪ್ಪ' ಎಂಬ ಹೆಸರು 'ರಾಮಾ' ಎಂದೋ 'ರಾಮಾಪಾ' ಎಂದೋ ದಾಖಲಾಗಿರಬಹುದು. ಮನೆಯಲ್ಲಿ ಹಳೆಯ ಪದಕವಿದ್ದರೆ ಅದರ ಅಂಚನ್ನು ಪರೀಕ್ಷಿಸಬೇಕು. ಅಲ್ಲಿ ಸೈನಿಕ ಸಂಖ್ಯೆ, ಹೆಸರು ಹಾಗೂ ದಳವನ್ನು ಕೆತ್ತಿದ್ದರೆ ಹುಡುಕಾಟ ಬಹಳ ಸುಲಭವಾಗುತ್ತದೆ.

ಊರಿನ ವಿಳಾಸದಲ್ಲಿಯೂ ಎಚ್ಚರ ಬೇಕು. ಬಾಗಲಕೋಟೆ ಜಿಲ್ಲೆ ರೂಪುಗೊಂಡದ್ದು 1997ರಲ್ಲಿ. ಬ್ರಿಟಿಷರ ಕಾಲದಲ್ಲಿ ರಬಕವಿ ಸಾಂಗಲಿ ಸಂಸ್ಥಾನಕ್ಕೂ, ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದವು. ಮುಧೋಳ ಸ್ವತಃ ಸಂಸ್ಥಾನವಾಗಿತ್ತು. ಬೀಳಗಿ ವಿಜಾಪುರ ಜಿಲ್ಲೆಯಲ್ಲಿತ್ತು. ಹುಡುಕುವವರು ಈ ಹಳೆಯ ಹೆಸರುಗಳನ್ನೇ ಬಳಸಬೇಕು.

ಸೇನೆಯಲ್ಲಿ ಹಿಂದೂ ಮತ್ತು ಸಿಖ್ ಯೋಧರನ್ನು ಸಾಮಾನ್ಯವಾಗಿ ದಹನ ಮಾಡಿ, ಹೆಸರನ್ನು ಪ್ರತ್ಯೇಕ ಸ್ಮಾರಕದಲ್ಲಿ ಕೆತ್ತುತ್ತಿದ್ದರು. ಇಟಲಿಯ ಸಾಂಗ್ರೋ ನದಿ ಹಾಗೂ ಫೋರ್ಲಿಯಲ್ಲಿ ಇಂತಹ ದಹನ ಸ್ಮಾರಕಗಳಿವೆ. ಊರಿನಲ್ಲಿ ಹೂಳುವ ಪದ್ಧತಿಯಿದೆಯೆಂಬ ಕಾರಣಕ್ಕೆ ಅಲ್ಲಿಯೂ ಸಮಾಧಿ ಇರಬೇಕೆಂದು ಊಹಿಸದೆ ದಾಖಲೆಯನ್ನೇ ನೋಡುವುದು ಲೇಸು.

ಭೇಟಿಯ ವೇಳೆ

ಹೊರಡುವ ಮುನ್ನ ಸ್ಮಾರಕದ ಹೆಸರು, ಫಲಕದ ಸಂಖ್ಯೆ ಅಥವಾ ಸಮಾಧಿಯ ಸಾಲಿನ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಅನೇಕ ಕಡೆ ಪ್ರವೇಶದ್ವಾರದ ಬಳಿ ಗೋಡೆಯಲ್ಲಿನ ಪುಟ್ಟ ಪೆಟ್ಟಿಗೆಯೊಳಗೆ ಹೆಸರುಗಳ ಪುಸ್ತಕ ಹಾಗೂ ಸಂದರ್ಶಕರ ಪುಸ್ತಕ ಇರುತ್ತವೆ. ಸಂದರ್ಶಕರ ಪುಸ್ತಕದಲ್ಲಿ ಕನ್ನಡದಲ್ಲಿಯೂ ನಾಲ್ಕು ಸಾಲು ಬರೆಯಬಹುದು. ಹೂವು ಇಡಬಹುದು. ಆದರೆ ಅರಿಶಿನ, ಕುಂಕುಮ, ಎಣ್ಣೆ ಹಚ್ಚಿದರೆ ಕಲ್ಲಿನ ಮೇಲೆ ಕಲೆ ಉಳಿಯುತ್ತದೆ; ಹಚ್ಚದಿರುವುದು ಒಳಿತು.

ಮೊದಲ ಬಾರಿ ಹೋಗುವವರಿಗೆ ಸಿಂಗಪುರದ ಕ್ರಾಂಜಿ ಸ್ಮಾರಕ ಅನುಕೂಲಕರ. ಅಲ್ಲಿ 24 ಸಾವಿರಕ್ಕೂ ಹೆಚ್ಚು ಹೆಸರುಗಳಿದ್ದು, ಕ್ರಾಂಜಿ ಮೆಟ್ರೋ ನಿಲ್ದಾಣದಿಂದ ನಡೆದೇ ತಲುಪಬಹುದು. ಇರಾಕ್ ಮತ್ತು ಇಸ್ರೇಲ್‌ಗೆ ಹೊರಡುವವರು ವಿದೇಶಾಂಗ ಸಚಿವಾಲಯದ ಸುರಕ್ಷತಾ ಸೂಚನೆಗಳನ್ನು ತಪ್ಪದೆ ಪರಿಶೀಲಿಸಬೇಕು.

ಹೋಗಲಾಗದವರಿಗೆ

ಬೆಳಗಾವಿಯ ಮರಾಠಾ ಕೇಂದ್ರದ ಆವರಣದಲ್ಲಿ ಶರ್ಕತ್ ಯುದ್ಧ ಸ್ಮಾರಕವಿದೆ. 1918ರ ಅಕ್ಟೋಬರ್‌ನಲ್ಲಿ ಮೆಸೊಪೊಟೇಮಿಯಾದ ಶರ್ಕತ್‌ನಲ್ಲಿ 114ನೇ ಮರಾಠಾ ದಳ ನಡೆಸಿದ ಹೋರಾಟವನ್ನು ಅದು ನೆನಪಿಸುತ್ತದೆ. ಸೇನಾ ಪ್ರದೇಶವಾದ್ದರಿಂದ ಪ್ರವೇಶಕ್ಕೆ ಪೂರ್ವಾನುಮತಿ ಅಗತ್ಯ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ.

ಹಿರಿಯರಿಂದ ಕೇಳಿದ ಸಂಗತಿಗಳು, ಪಿಂಚಣಿ ಕಾಗದ, ಪದಕ ಇವೆಲ್ಲವನ್ನೂ ಈಗಲೇ ಒಂದೆಡೆ ಬರೆದಿಡುವುದು ಮೊದಲ ಕೆಲಸ. ಬಸ್ರಾದ ಫಲಕದಲ್ಲಿ ಸಂಖ್ಯೆಯಾಗಿ ಉಳಿದ ಸಿಪಾಯಿಗೆ ಹೆಸರು ಮರಳಿ ದೊರೆಯಲು ಊರಿನ ಮನೆಯಲ್ಲಿರುವ ಒಂದು ಹಳೆಯ ಕಾಗದವೇ ಆಧಾರವಾಗಬಹುದು.