ಬಸವನ ಹುಳುವಿಗೊಂದು ಮೂರ್ತಿ

ಬೆನ್ನೆಲುಬಿಲ್ಲದ ಜೀವಿಗಳ ಗೊಂಬೆಗಳನ್ನು ಸಂಗ್ರಹಿಸುವ ಹವ್ಯಾಸ ಒಂದಿದೆ ಎಂದರೆ ಹಲವರು ನಗುತ್ತಾರೆ. ಬಸವನ ಹುಳು, ಏಡಿ, ಚೇಳು, ಜೇಡ ಇವುಗಳನ್ನು ಮನೆಯಿಂದ ಹೊರಗೆ ಗುಡಿಸುವುದು ಲೋಕರೂಢಿ. ಅವುಗಳ ಪ್ರತಿಕೃತಿಗಳನ್ನು ಒಳಗೆ ತಂದಿಡುವುದು ವಿಲಕ್ಷಣವೇ ಸರಿ. ವಿಜಯಪುರದ ಜಲನಗರದ ನನ್ನ ಮನೆಯಲ್ಲಿಯೂ ಇಂಥದೊಂದು ಕಪಾಟಿದೆ. ಆದರೆ ನನ್ನನ್ನು ಕಾಡುವ ಪ್ರಶ್ನೆ ಕಪಾಟಿಗಿಂತ ದೊಡ್ಡದು. ಮನುಷ್ಯನು ಯಾವ ಜೀವಿಗೆ ರೂಪ ಕೊಟ್ಟ, ಯಾವುದಕ್ಕೆ ಕೊಡಲಿಲ್ಲ, ಏಕೆ?

ಕನ್ನಡಿಗರು ಈ ಪುಟ್ಟ ಪ್ರಾಣಿಗೆ ಬಸವನ ಹೆಸರನ್ನೇ ಇಟ್ಟರು. ನೆರೆಯ ಮರಾಠಿಯಲ್ಲಿ ಅದು 'ಗೋಗಲಗಾಯ್'. 'ಗಾಯ್' ಎಂದರೆ ಹಸು. ಕೋಡು ಕಂಡಲ್ಲೆಲ್ಲ ದನವನ್ನು ನೆನೆಯುವುದು ಒಕ್ಕಲುತನದ ಕಣ್ಣು. ಆದರೆ ಹೆಸರು ಕೊಟ್ಟವರು ಮೂರ್ತಿಯನ್ನು ಕೊಟ್ಟರೆ? ನಮ್ಮ ಉತ್ತರ ಕರ್ನಾಟಕದಲ್ಲಿ ಮಳೆಗಾಲ ಹಿಡಿದೊಡನೆ ಮಣ್ಣಿನ ಪೂಜೆಗಳ ಸಾಲು ತೊಡಗುತ್ತದೆ. ಜ್ಯೇಷ್ಠದ ಅಮಾವಾಸ್ಯೆಗೆ ಜೋಡೆತ್ತು ಮತ್ತು ಗೋದಲಿ, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಹಿಂದೆ ಜೋಕುಮಾರ. ಎತ್ತು ಉಂಟು, ಹಾವು ಉಂಟು, ಆನೆಯ ಮೊಗ ಉಂಟು. ಅದೇ ಮಳೆಯಲ್ಲಿ, ಅದೇ ಎರೆಮಣ್ಣಿನ ಮೇಲೆ ಹರಿದಾಡುವ ಬಸವನ ಹುಳು ಮಾತ್ರ ಇಲ್ಲ.

ಬೆನ್ನೆಲುಬಿಲ್ಲದವುಗಳಲ್ಲಿ ನಮ್ಮ ಶಿಲ್ಪಿಗಳ ಉಳಿಗೆ ಸಿಕ್ಕವು ಮುಖ್ಯವಾಗಿ ಎರಡು. ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳಲ್ಲಿ ಕರ್ಕಾಟಕ, ವೃಶ್ಚಿಕಗಳಿಗೆ ಸ್ಥಾನವಿದೆ. ಅದು ಜ್ಯೋತಿಷದ ಕೃಪೆ. ಚೇಳಿಗೆ ಭಯದ ಬೆಂಬಲವೂ ಇದೆ. ಚಾಮುಂಡೆಯ ಬತ್ತಿದ ಹೊಟ್ಟೆಯ ಮೇಲೆ ಚೇಳನ್ನು ಕಡೆಯುವುದು ಹಳೆಯ ಸಂಪ್ರದಾಯ. ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿದ್ದಾಳೆ. ಯಾದಗಿರಿ ಜಿಲ್ಲೆಯ ಕಂದಕೂರಿನ ಬೆಟ್ಟದಲ್ಲಿ ನಾಗರಪಂಚಮಿಯಂದು ಜನರು ಜೀವಂತ ಚೇಳುಗಳನ್ನೇ ಕೈಮೇಲೆ ಹರಿಯಬಿಟ್ಟುಕೊಳ್ಳುತ್ತಾರೆ. ಉಪಯೋಗವಿದ್ದದ್ದಕ್ಕೆ ರೂಪ ಬಂತು, ಭಯ ಹುಟ್ಟಿಸಿದ್ದಕ್ಕೂ ಬಂತು. ದುಡಿಯದ, ಕಚ್ಚದ ಬಡಜೀವಿ ಹೆಸರಿಗಷ್ಟೇ ತೃಪ್ತಿಪಟ್ಟಿತು.

ಭಯಭಕ್ತಿಗಳಿಲ್ಲದೆ, ಕೇವಲ ತಿಳಿವಿಗಾಗಿ ಇಂಥ ಜೀವಿಗಳಿಗೆ ರೂಪ ಕೊಟ್ಟವರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಗಾಜಿನ ಕುಶಲಕರ್ಮಿ ಲಿಯೊಪೋಲ್ಡ್ ಬ್ಲಾಷ್ಕಾ (1822–1895) ಅಗ್ರಗಣ್ಯ. 1853ರಲ್ಲಿ ಆತ ಅಮೆರಿಕೆಗೆ ಹೊರಟಿದ್ದಾಗ ಗಾಳಿ ಬೀಸದೆ ಹಡಗು ಕಡಲಲ್ಲೇ ನಿಂತಿತು. ಆ ಬಿಡುವಿನಲ್ಲಿ ಆತ ಕಂಡ ಸಮುದ್ರಜೀವಿಗಳು ಅವನ ಮನಸ್ಸನ್ನು ಸೆರೆಹಿಡಿದವು. ಮೆತ್ತನೆಯ ಮೈಯ ಪ್ರಾಣಿಗಳನ್ನು ಮದ್ಯಸಾರದಲ್ಲಿಟ್ಟರೆ ಬಣ್ಣ ಕಳೆದು, ಆಕಾರ ಕುಗ್ಗುತ್ತದೆ. ವಸ್ತುಸಂಗ್ರಹಾಲಯಗಳಿಗೆ ಇದೊಂದು ಬಿಡಿಸಲಾಗದ ತೊಡಕಾಗಿತ್ತು. 1863ರಲ್ಲಿ ಡ್ರೆಸ್ಡೆನ್ನಿನ ಸಂಗ್ರಹಾಲಯಕ್ಕೆ ಅವನು ಕಡಲ ಹೂಜೀವಿಗಳನ್ನು ಗಾಜಿನಲ್ಲಿ ಮಾಡಿಕೊಟ್ಟ. ಮುಂದೆ ಮಗ ರುಡಾಲ್ಫನೊಡಗೂಡಿ ಮಾಡಿದ ಸಾವಿರಾರು ಮಾದರಿಗಳು ಲೋಕದ ಅನೇಕ ಸಂಗ್ರಹಾಲಯಗಳನ್ನು ಸೇರಿದವು.

ಇಂದಿನ ಆಟಿಕೆಗಳು ಆ ಗಾಜಿನ ಬಡ ಸಂಬಂಧಿಗಳು. 2018ರಲ್ಲಿ ಜಪಾನಿನ ಬಂದಾಯಿ ಸಂಸ್ಥೆ, ಮುಟ್ಟಿದರೆ ಉಂಡೆಯಾಗಿ ಸುರುಳಿಕೊಳ್ಳುವ ಒಂದು ಪುಟ್ಟ ಹುಳುವಿನ ಪ್ರತಿಕೃತಿಯನ್ನು ಹಲವು ಪಟ್ಟು ಹಿಗ್ಗಿಸಿ ಮಾರಾಟಕ್ಕೆ ತಂದಿತು. ನಿಜದ ಹುಳುವಿನಂತೆಯೇ ಅದೂ ಉಂಡೆಯಾಗುತ್ತದೆ. ಅದನ್ನು ಕೈಯಲ್ಲಿ ಹಿಡಿದವನು ಆ ದೇಹದ ಕೀಲುಗಳ ಲೆಕ್ಕವನ್ನು ಬೆರಳಿನಿಂದಲೇ ಕಲಿಯುತ್ತಾನೆ.

ಸಂಗ್ರಹಕಾರನ ಕಣ್ಣೂ ಹೀಗೆಯೇ ಹದಗೊಳ್ಳುತ್ತದೆ. ನೆಲದ ಬಸವನ ಹುಳುವಿಗೆ ಇರುವುದು ಎರಡು ಕೋಡಲ್ಲ, ಎರಡು ಜೊತೆ. ಉದ್ದನೆಯ ಜೊತೆಯ ತುದಿಯಲ್ಲಿ ಕಣ್ಣುಗಳು. ಚಿಪ್ಪಿನ ತುದಿಯನ್ನು ಮೇಲೆ ಮಾಡಿ ಬಾಯನ್ನು ನಮ್ಮತ್ತ ತಿರುಗಿಸಿ ಹಿಡಿದರೆ, ಬಹುಪಾಲು ಜಾತಿಗಳಲ್ಲಿ ಬಾಯಿ ಬಲಕ್ಕಿರುತ್ತದೆ. ಅಜಾಗರೂಕ ತಯಾರಕನು ಇದನ್ನು ಎಡಕ್ಕೆ ಮಾಡಿಬಿಡುತ್ತಾನೆ. ನಾವು ಅಪೂರ್ವವೆಂದು ಪೂಜಿಸುವ ಬಲಮುರಿ ಶಂಖವು ಪ್ರಾಣಿಶಾಸ್ತ್ರದ ಎಣಿಕೆಯಲ್ಲಿ ಎಡಸುರುಳಿಯದು ಎಂಬುದು ಇಲ್ಲಿ ನೆನಪಿಡತಕ್ಕ ಸ್ವಾರಸ್ಯ.

ಗೊಂಬೆ ಮಾಡುವುದೆಂದರೆ ನಿಂತು ನೋಡುವುದು, ನೋಡದೆ ಮಾಡಲಾಗದು. ಎತ್ತಿನ ಡುಬ್ಬ, ಕೊರಳ ಗಂಗೆದೊಗಲು ನಮ್ಮ ಮಕ್ಕಳ ಬೆರಳಿಗೆ ಬಂದದ್ದು ತಲೆತಲಾಂತರದ ನೋಟದಿಂದ. ಈಗ ಮಣ್ಣೆತ್ತುಗಳೂ ಬಣ್ಣ ಬಳಿದುಕೊಂಡು ಪೇಟೆಯಲ್ಲಿ ಸಿಗುತ್ತವೆ. ಕೊಂಡು ತಂದ ಮನೆಯಲ್ಲಿ ಬೆರಳು ಮಣ್ಣನ್ನು ಮರೆಯುತ್ತದೆ, ಕಣ್ಣು ಎತ್ತನ್ನು ಮರೆಯುತ್ತದೆ. ಎತ್ತನ್ನೇ ಮರೆತವರು ಹುಳುವನ್ನು ನೋಡುವುದೆಂತು? ಬರುವ ಜ್ಯೇಷ್ಠದಲ್ಲಿ ಎರೆಮಣ್ಣು ಕಲಸಿದಾಗ, ಜೋಡೆತ್ತು ಮುಗಿದ ಮೇಲೆ ಉಳಿಯುವ ಒಂದು ಹಿಡಿ ಮಣ್ಣನ್ನು ಮಕ್ಕಳ ಕೈಗೆ ಕೊಟ್ಟು, ಗೋದಲಿಯ ಪಕ್ಕದಲ್ಲಿ ಆ ಇನ್ನೊಬ್ಬ ಬಸವನಿಗೂ ಎಡೆ ಮಾಡಿಕೊಡಬಹುದು.